ಕತ್‌ಬರ್ಟನಿಗೆ ಉಳಿದ ಕ್ರಿಯಾಪದ

ಸಂಡರ್‌ಲ್ಯಾಂಡಿನಲ್ಲಿ ಹಡಗು ಕಟ್ಟುವ ಕಂಪನಿಯೊಂದಕ್ಕೆ
ಮೂವತ್ತೊಂದು ವರ್ಷ ನಕ್ಷೆ ಬರೆದ ಕತ್‌ಬರ್ಟ್ ಎಲ್‌ಸ್ಟಬ್‌ಗೆ
ಮಾರ್ಚಿಯ ಒಂದು ಬೆಳಿಗ್ಗೆ, ಅರ್ಧ ಗಡ್ಡ ಹೆರೆದಿರುವಾಗ,
ಮಿದುಳಿನಲ್ಲೆಲ್ಲೋ ಒಂದು ನಾಳ ಕಟ್ಟಿಕೊಂಡಿತು.
ಮಾತೆಲ್ಲ ಹೋಯಿತು. ಹೆಂಡತಿಯ ಹೆಸರು, ತನ್ನದು,
ಬೈಗುಳ ಕೂಡ.
ಉಳಿದದ್ದು ಒಂದೇ:
ಡ್ರಾ.

ಪುಣ್ಯಕ್ಕೆ ಬಡ ಮಾತಲ್ಲ ಅದು.
ನಾವು ನೀರು ಸೇದುತ್ತೇವೆ, ಪರದೆ ಎಳೆಯುತ್ತೇವೆ,
ಚಿತ್ರ ಬರೆಯುತ್ತೇವೆ, ಕತ್ತಿ ಹಿರಿಯುತ್ತೇವೆ,
ಹಲ್ಲು ಕೀಳುತ್ತೇವೆ, ಪಿಂಚಣಿ ಪಡೆಯುತ್ತೇವೆ.
ಅಲ್ಲಿ ಅಷ್ಟಕ್ಕೂ ಅದೊಂದೇ ಆಳು,
ಹಗಲೂ ರಾತ್ರಿ ದುಡಿಯುತ್ತದೆ, ಸಂಬಳ ಕೇಳುವುದಿಲ್ಲ.
(ನಗಬೇಡಿ. ನಮ್ಮಲ್ಲೂ ಗಂಟೆ ಹೊಡೆಯುತ್ತದೆ,
ಸುಣ್ಣ ಹೊಡೆಯುತ್ತೇವೆ, ಕಣ್ಣು ಹೊಡೆಯುತ್ತೇವೆ,
ಯಾರಿಗೂ ಪೆಟ್ಟಾಗದೆ.)

ಮೊದಲ ದಿನ ಹೆಸ್ಟರ್ ಪೆನ್ಸಿಲ್ ತಂದಳು.
ಎಡಗೈಯಲ್ಲಿ ಹಿಡಿದು ನೋಡಿ, ಗೋಡೆಗೆಸೆದ.
ಪರದೆ ಮುಚ್ಚಿದಳು, ತೆರೆದಳು.
ಟೀಪಾಟಿನಲ್ಲಿ ಎಲೆ ಇನ್ನಷ್ಟು ಬಸಿಯಲೆಂದು
ಐದು ನಿಮಿಷ ಬಿಟ್ಟಳು. ಡ್ರಾ, ಅಂದ ಕತ್‌ಬರ್ಟ್,
ಕಿವುಡರಿಗೆ ಹೇಳುವಂತೆ ಬಿಡಿಸಿ, ಡ್‌-ರಾ.
ಕೊನೆಗೆ ಬೆರಳು ತೋರಿಸಿದ ಮೇಲೆ ಹೊಳೆಯಿತು:
ಅವರ ಓಣಿಯ ಬಾಯಲ್ಲಿ ಮೇಜಿನ ಖಾನೆಗೂ ಅದೇ ಸದ್ದು.
ಎಳೆದಳು. ಒಳಗೆ ರಬ್ಬರ್ ಬ್ಯಾಂಡು, ಅವಧಿ ಮೀರಿದ ಕೂಪನ್ನು,
ಮತ್ತು ಅವನ ಮೇಲಿನ ಸಾಲಿನ ಹಲ್ಲು.
ಹಾಕಿಕೊಂಡು ರಾಜನಂತೆ ಕೂತ.

ರಕ್ತ ತೆಗೆಯಲು ಬರುವ ನರ್ಸ್ ಮೊರ್ವೆನ್
ಸೂಜಿ ಹಿಡಿದು ಗೊತ್ತಿಲ್ಲದೆ ಆ ಮಾತನ್ನೇ ಆಡಿಬಿಟ್ಟಳು.
ತನ್ನ ಒಂದೇ ಅಂಗಿಯನ್ನು ಬೇರೆಯವರ ಮೈಮೇಲೆ ಕಂಡವನಂತೆ
ಅವಳನ್ನು ದಿಟ್ಟಿಸಿದ.

ಶನಿವಾರ ರೇಡಿಯೋದಲ್ಲಿ ಪಂದ್ಯದ ಫಲಿತಾಂಶ.
ನಮ್ಮವರು ಒಂದು, ಎದುರಿನವರು ಒಂದು.
ಡ್ರಾ, ಅಂದ.
ಆ ಒಂದು ಸಲ ಯಾರೂ ಏನನ್ನೂ ಹುಡುಕಬೇಕಾಗಲಿಲ್ಲ.

ಹೆಸ್ಟರ್ ಒಂದು ಪಟ್ಟಿ ಮಾಡಿ ಫ್ರಿಜ್ಜಿಗೆ ಅಂಟಿಸಿದ್ದಳು,
ಇಪ್ಪತ್ತಾರಕ್ಕೆ ನಿಲ್ಲಿಸಿದಳು. ಪಟ್ಟಿಗೆ ಸಿಗದ್ದೇ ಹೆಚ್ಚು.
ರಾತ್ರಿ ಮೂರಕ್ಕೆ ಕತ್ತಲಲ್ಲಿ ಅಂದರೆ ಏನರ್ಥ?
ಕುರ್ಚಿ ಹತ್ತಿರ ಎಳೆದು ಕೂತಳು. ಅದಲ್ಲ, ತಲೆಯಾಡಿಸಿದ.
ಯಾವುದೆಂದು ಇವತ್ತಿಗೂ ತಿಳಿದಿಲ್ಲ.
ಒಮ್ಮೆ ಅವಳೂ ಕಿರುಚಿದಳು, ಬೇರೆ ಮಾತಿಲ್ಲವಾ ನಿನಗೆ, ಎಂದು,
ಆಮೇಲೆ ಅಡುಗೆಮನೆಯಲ್ಲಿ ಬಹಳ ಹೊತ್ತು ನಲ್ಲಿ ಬಿಟ್ಟು ನಿಂತಳು.

ಅಕ್ಟೋಬರ್. ಅಲ್ಲಿ ಹಗಲು ಮೊಟಕಾಗುವುದಕ್ಕೂ ಅದೇ ಪದ,
ಯಾರೋ ಹಗ್ಗ ಹಾಕಿ ಕತ್ತಲನ್ನು ಬಾಗಿಲಿಗೆ ಎಳೆದು ತಂದಂತೆ.
ತೊಟ್ಟಿಗೆ ಬಿಸಿನೀರು ಬಿಟ್ಟು,
ಕಂಕುಳಿಗೆ ಕೈಕೊಟ್ಟು ಅವನನ್ನು ಮೆಲ್ಲಗೆ ಇಳಿಸಿದಳು.
ಡ್ರಾ?
ನೀರು ತುಂಬಿಯಾಗಿದೆ. ಪರದೆ ಹಾಕಿದೆ. ಹಲ್ಲು ಬಾಯಲ್ಲೇ ಇದೆ.
ಡ್ರಾ? ಮತ್ತೆ ಕೇಳಿದ. ಹೌದು, ಕೇಳಿದ;
ಈ ಸಲ ಮಾತಿನ ಬಾಲ ಮೇಲಕ್ಕೆದ್ದಿತ್ತು.
ನೋಡುತ್ತಿದ್ದದ್ದು ತನ್ನ ಎದೆಯ ಮೇಲಿನ ನೀರಿನ ಗೆರೆ.

ಮೂವತ್ತೊಂದು ವರ್ಷದ ಊಟದ ಮಾತು ಅವಳಿಗೆ ನೆನಪಾಯಿತು.
ಸರಕು ಹೊತ್ತ ಹಡಗು ಎಷ್ಟು ಅಡಿ ಮುಳುಗಿ ತೇಲುತ್ತದೋ
ಅದನ್ನೂ ಇವರು ಹೀಗೇ ಅನ್ನುತ್ತಿದ್ದರು.
ಹೋಗಿ ಅವನ ಹಿತ್ತಾಳೆ ಸ್ಕೇಲು ಹುಡುಕಿ ತಂದು
ತೊಟ್ಟಿಯ ತಳಕ್ಕೆ ತಾಗಿಸಿ, ಕನ್ನಡಕ ಒರೆಸಿ ಓದಿದಳು:
ಹನ್ನೊಂದೂಕಾಲು ಇಂಚು.

ಕತ್‌ಬರ್ಟ್ ಯೋಚಿಸಿದ.
ಇರಬಹುದು, ಎಂಬಂತೆ ತಲೆಯಾಡಿಸಿ
ಸೋಪಿಗೆ ಕೈಚಾಚಿದ.