ನಲವತ್ತು ಎಣಿಸುವವರೆಗೆ

ಗ್ರಾಂಟ್ ರೋಡಿನ ಆ ಕಡೆ ನಮ್ಮ ಪ್ರೊಫೆಸರ್ ದಾರಾಶಾನ ಕಂಪನಿ,
ಈ ಕಡೆ ಉಸ್ತಾದ್ ಮಕ್ಬೂಲನದು.
ನಡುವೆ ಟ್ರಾಮಿನ ಕುದುರೆಗಳು, ಲದ್ದಿ,
ಹನ್ನೊಂದು ವರ್ಷದ ಹಗೆ.

ರಾತ್ರಿ ಒಂಬತ್ತೂವರೆಗೆ ದಾರಾಶಾ ನನ್ನನ್ನು ಪೆಟ್ಟಿಗೆಗೆ ತುಂಬುತ್ತಾನೆ.
ಅಂಕೋಲೆಯ ಬೊಮ್ಮಯ್ಯ ನಾನು, ವಯಸ್ಸು ಹತ್ತೊಂಬತ್ತು; ಕರಪತ್ರದಲ್ಲಿ
ಈಜಿಪ್ಟಿನ ರಾಜಕುಮಾರ.
ಮುಚ್ಚಳ ಬೀಳುತ್ತದೆ. ಹಾರ್ಮೋನಿಯಂ ಏರುತ್ತದೆ.
ಕಳ್ಳಬಾಗಿಲು ಇದೆ, ಸ್ಪ್ರಿಂಗೂ ಇದೆ,
ಎಣ್ಣೆ ಹಾಕುವವನು ನಾನೇ.
ಆದರೂ ದೇವರಾಣೆ, ಅದನ್ನು ಮುಟ್ಟುವ ಮೊದಲೇ
ನಾನು ಅಲ್ಲಿರುವುದಿಲ್ಲ.

ಮಾಯವಾದದ್ದೆಲ್ಲ ಹೋಗಿ ಬೀಳುವ ಒಂದು ಜಾಗ ಅದು.
ಮೊಣಕಾಲುದ್ದ ಕರವಸ್ತ್ರ.
ಮರಳಿಸಲು ಮರೆತ ಯಾವನೋ ಸೇಠನ ಗಡಿಯಾರ.
ಕತ್ತಲಲ್ಲಿ ಗುಟುರು ಹಾಕುವ ಪಾರಿವಾಳಗಳು,
ತಾವು ಯಾವ ಕಂಪನಿಯವೆಂಬುದನ್ನೇ ಮರೆತು.
ಮತ್ತೆ, ಪಿಯೆದಾದ್.

ಗೋವೆಯ ಸಾಷ್ಟಿಯವಳು, ನನ್ನದೇ ವಯಸ್ಸು. ಅತ್ತ ಅವಳು ಬಾಗದಾದಿನ ಬೇಗಂ.
ಉಸ್ತಾದನೂ ಒಂಬತ್ತೂವರೆಗೇ ಅವಳನ್ನು ಇಲ್ಲವಾಗಿಸುತ್ತಾನೆ,
ಹಟಕ್ಕೆ.
ಮೊದಲ ರಾತ್ರಿ ನನ್ನ ಕಾಲು ತುಳಿದು ಕೊಂಕಣಿಯಲ್ಲಿ ಬೈದಳು.
ಆ ಬೈಗುಳ ನನಗೆ ಗೊತ್ತಿತ್ತು, ನಮ್ಮೂರ ಮೀನುಪೇಟೆಯದು.
ನಕ್ಕುಬಿಟ್ಟೆ.

ನಲವತ್ತು ಎಣಿಸುವಷ್ಟು ಹೊತ್ತು. ಅಷ್ಟೇ ನಮ್ಮದು.
ಹದಿನೈದರವರೆಗೆ, ತೋಳಿನಲ್ಲಿ ಬಚ್ಚಿಟ್ಟು ತಂದ ದೊದೊಲ್ ಮುರಿಯುವುದು.
ಇಪ್ಪತ್ತೆಂಟರವರೆಗೆ, ಅಂಟಿದ ಬೆರಳು ಬಿಡಿಸಿಕೊಳ್ಳದೆ ಇರುವುದು.
ಉಳಿದ ಹನ್ನೆರಡನ್ನು ನಾನೆಂದೂ ಸರಿಯಾಗಿ ಎಣಿಸಿಲ್ಲ.
ಆಮೇಲೆ ಚಪ್ಪಾಳೆ; ಜುಟ್ಟು ಹಿಡಿದು ಎಳೆದಂತೆ
ಬೆಳಕಿಗೆ.

ಹಗಲು ರಸ್ತೆಯಲ್ಲಿ ಎದುರಾದರೆ ಗುರುತಿಲ್ಲದವರು.
ಅವಳ ಕೈಯಲ್ಲಿ ಚಿಮಣಿ ಎಣ್ಣೆ,
ನನ್ನ ಕೈಯಲ್ಲಿ ಪಾರಿವಾಳದ ಜೋಳ.
ಅಷ್ಟೊಂದು ಬೆಳಕಿನಲ್ಲಿ ಏನು ಮಾತಾಡುವುದು?

ಆ ವರ್ಷ ಮಾಂಡವಿಯಲ್ಲಿ ಇಲಿಗಳು ಬಿದ್ದವು.
ಬಾಗಿಲು ಬಾಗಿಲಿಗೆ ಸುಣ್ಣದ ಗುರುತು, ನಮ್ಮ ಥಿಯೇಟರಿಗೆ ಬೀಗ.
ಉಸ್ತಾದ್ ಮಾತ್ರ ಇನ್ನೆರಡು ರಾತ್ರಿ ಆಡಿದ,
ಪರದೆ ಸುತ್ತಿಕೊಂಡು ಹೈದರಾಬಾದಿನ ರೈಲು ಹತ್ತಿದ.
ಬೇಗಂ? ಅಂದೆ, ಪಾನ್ ಅಂಗಡಿಯವನಿಗೆ.
ಕೊನೆಯ ಆಟದಲ್ಲಿ ತೆಗೆದರೆ ಪೆಟ್ಟಿಗೆ ಖಾಲಿಯಂತೆ.
ಜನ ಅದಕ್ಕೇ ಇನ್ನೂ ಜೋರಾಗಿ ತಟ್ಟಿದರಂತೆ.

ಕಾದಿರಬೇಕು ಅವಳು. ನಲವತ್ತು ದಾಟಿಯೂ.

ಈಗ ದಾರಾಶಾ ಜ್ವರದಲ್ಲಿ ಮಲಗಿದ್ದಾನೆ.
ಹಾರ್ಮೋನಿಯಮ್ಮಿನ ಮೇಲೆ ಧೂಳು.
ನೋಡುವವರಿಲ್ಲ, ಮರಳಿ ಎಳೆದು ತರಲು
ಒಂದು ಚಪ್ಪಾಳೆಯಿಲ್ಲ.
ಸ್ಪ್ರಿಂಗಿಗೆ ಎಣ್ಣೆ ಹಾಕಿಲ್ಲ, ಬೇಕಂತಲೇ.
ಮುಚ್ಚಳ ನಾನೇ ಒಳಗಿನಿಂದ ಎಳೆದುಕೊಂಡೆ.

ಒಂದು.
ಬೆಲ್ಲದ ವಾಸನೆ.
ಎರಡು ಅನ್ನಲಿಲ್ಲ.