ಹೆಬ್ಬಟ್ಟು

ಟೈ ಸಡಿಲ ಮಾಡಕೋ ಸಾಬಣ್ಣ, ಇನ್ನ ಹನ್ನೊಂದೂ ಆಗಿಲ್ಲ,
ಯಾದಗಿರಿ ಬಿಸಲು ಕಂಪನಿ ರೂಲ್ಸು ಓದಿಲ್ಲ.
ಡಾಕ್ಟರ ಬಾಗಲ ಮುಂದ ಬಿಗಿ ಮಾಡಿದರ ಸಾಕು.
ಬ್ಯಾಗ ಟ್ಯಾಂಕಿನ ಮ್ಯಾಲ ಇಡಬ್ಯಾಡ,
ಸಿರಪ್ಪು ಒಳಗೊಳಗೇ ಪಾಕ ಆಗತದ.

ಟ್ರೇನಿಂಗಿನಾಗ ಏನೇನ ಕಲಿಸ್ಯಾರ?
ಹೇಳು, ಗಾಡಿ ಹೊಡಕೋತ ಕೇಳತೀನಿ.
ಹೊಟ್ಟ್ಯಾಗ ಎಷ್ಟೊತ್ತಿಗೆ ಕರಗತದ,
ರಕ್ತದಾಗ ಎಷ್ಟ ತಾಸು ನಿಲ್ಲತದ,
ಕಿಡ್ನಿ ಹಾದಿ ಹಿಡೀತದೋ, ಲಿವರಿನ ಹಾದಿಯೋ...
ಶಾಭಾಶ್. ಬಾಯಿಪಾಠ ಛಲೋ ಆಗ್ಯದ.
ಈಗ ಇದನ್ನೇ ಒಂದೂವರಿ ನಿಮಿಷದಾಗ ಹೇಳು.
ಅದರಾಗ ಒಂದ ನಿಮಿಷ ಡಾಕ್ಟರು ಫೋನಿನ ಮ್ಯಾಲ ಇರತಾರ,
ಉಳಿದ ಅರ್ಧದಾಗ ಯಾರದೋ ಕೂಸು ಅಳತದ.

ಅದಕ್ಕ ಮೊದಲು ಮೆಡಿಕಲ್ ಅಂಗಡಿ.
ಸ್ಟೇಷನ್ ರೋಡಿಗೆ ಹಣಮೇಗೌಡರ ಕೌಂಟರ್ ಅದ,
ಮೊಣಕೈ ಊರಿ ನಿಲ್ಲು, ಚಾ ಬ್ಯಾಡ ಅನಬ್ಯಾಡ.
ಯಾರ ಚೀಟಿಗೆ ಯಾವ ಗುಳಗಿ ಹೋಗತದ,
ಯಾವ ಡಬ್ಬಿ ಧೂಳ ಹೊತಗೊಂಡು ಕುಂತದ,
ಎಕ್ಸ್‌ಪೈರಿ ಮಾಲ ವಾಪಸ್ ಒಯ್ಯದೇ ಓಡಿಹೋದ
ನಿನ್ನ ಹಿಂದಿನ ಹುಡುಗಗ ಅವರು ಏನೇನ ಬೈತಾರ,
ಆ ಬೈಗಳ ಈಗ ನಿಂದು. ತಲಿ ಬಾಗಿಸಿ ತಗೋ.
ಮಾರ್ಕೆಟ್ಟಿನ ನಾಡಿ ಬಡಕೊಳ್ಳೋದು ಅಲ್ಲೇ.

ಕಾಯೋದು ಕಲಿ.
ಪೇಶಂಟ್ ಕುಂದರೋ ಬೆಂಚು ನಮ್ಮದಲ್ಲ,
ಗ್ವಾಡಿಗೆ ಬೆನ್ನ ಹಚ್ಚಿದರ ಅಂಗಿಗೆ ಸುಣ್ಣ.
ಮಗಳ ಪರೀಕ್ಷಾ ಹ್ಯಾಂಗ ಆತು ಅಂತ
ಕಂಪೌಂಡರ್ ಭೀಮರಾಯಗ ಕೇಳು.
ಪೆನ್ನು ಕೊಡೋಕಿಂತ ಮೊದಲು ಕೇಳು,
ಕೊಟ್ಟ ಮ್ಯಾಲ ಕೇಳಿದರ ಅದು ವ್ಯಾಪಾರ.

ಭೀಮಾ ದಾಟಿದಿವಿ. ಈ ವರ್ಷ ನೀರ ಕಡಿಮಿ,
ಬಂಡಿಗಲ್ಲಿನ ಮ್ಯಾಲ ಯಾರದೋ ಸೀರಿ ಒಣಗಲಿಕ್ಕ ಹತ್ತ್ಯದ.

ನಂದು ನಾಕನೇ ವರ್ಷ. ಬಿ.ಪಿ. ಗುಳಗಿ.
ಹಾಳಿ ತುಂಬ ಕೆಂಪನೆ ಹೃದಯ,
ಮಗ್ಗಲಕ್ಕ ಮ್ಯಾಲೇರೋ ಗೆರಿ,
ಕೆಳಗ ಮೂಲ್ಯಾಗ ಇರವಿ ಸಾಲಿನಂಥ ಅಕ್ಷರ:
ಕೆಲವರಿಗೆ ಒಣ ಕೆಮ್ಮು ಬರಬಹುದು.
ಮ್ಯಾನೇಜರ್ ನನ್ನ ಕೈ ಹಿಡದು ತೋರಿಸಿದ,
ಹಾಳಿ ಹಿಡಿಯೂಮುಂದ ಹೆಬ್ಬಟ್ಟು ಇಲ್ಲೇ ಇರಬೇಕು,
ಇಲ್ಲೇ, ನೋಡು, ಸರಿಯಾಗಿ ಇಲ್ಲೇ.
ಬಿ.ಎಸ್ಸಿ. ಪಾಸಾದಾವ ನಾನು.
ಊರೂರು ತಿರಗಿ ಹೆಬ್ಬಟ್ಟು ಒತ್ತಿದೆ.

ಶಹಾಪುರದ ಕುಲ್ಸುಂ ಡಾಕ್ಟರು ಒಂದ ದಿನ
ಕನ್ನಡಕ ತೆಗದು ಹೇಳಿದರು,
ಬಟ್ಟು ತೆಗೀರಿ.
ತೆಗದೆ. ಓದಿದರು. ಸಾವಕಾಶ ಓದಿದರು.
ಬಳಿ ಮಾರೋ ಹೆಣಮಗಳೊಬ್ಬಾಕಿ ಮೂರ ತಿಂಗಳ ಕೆಮ್ಮಿದ್ದಳಂತ.
ಎರಡು ಎಕ್ಸ್‌ರೇ, ಕಫದ ಪರೀಕ್ಷಾ,
ಟಿ.ಬಿ. ಅಂತ ತಿಳದು ಮನ್ಯಾಗ ಆಕಿ ತಾಟು ಬ್ಯಾರೆ ಇಟ್ಟರಂತ.
ಕೆಮ್ಮಿಗೆ ಕೊಟ್ಟ ಸಿರಪ್ಪೂ ನಮ್ಮ ಕಂಪನಿದೇ.
ಗುಳಗಿ ಬದಲಿ ಮಾಡಿದ ಮ್ಯಾಲ ಕೆಮ್ಮು ಹೋತು,
ತಾಟು ಮಾತ್ರ ಇನ್ನಾ ಬ್ಯಾರೆ ಅದ ಅಂದರು.

ಮುಂದ ಹನ್ನೊಂದು ತಿಂಗಳು
ಅವರ ಪೆನ್ನಿನಿಂದ ನಮ್ಮ ಹೆಸರು ಇಳೀಲಿಲ್ಲ.
ನಾ ಹೋಗೋದು ಬಿಡಲಿಲ್ಲ.
ಹಾಳಿ ತಿರುವಿ ಹಿಡದು ಮೊದಲು ಸಣ್ಣಕ್ಷರ ಓದತಿದ್ದೆ,
ಬಸರಿಗೆ ಬ್ಯಾಡ, ಕಿಡ್ನಿ ಕೆಟ್ಟವರಿಗೆ ಜ್ವಾಕಿ,
ಆಮ್ಯಾಲ ಟೈಮ್ ಇದ್ದರ ಹೃದಯ.
ತಿಂಗಳ ಕೊನಿಗೆ ಟಾರ್ಗೆಟ್ಟಿನ ಫೋನು,
ನೀ ಗುಳಗಿ ಮಾರತೀಯೋ, ಅಂಜಿಕಿ ಮಾರತೀಯೋ?
ಉತ್ತರ ಹೊಳೀಲಿಲ್ಲ. ಈಗೂ ಗೊತ್ತಿಲ್ಲ.
ಒಂದ ಪ್ರಮೋಷನ್ ಹೋತು, ಅದು ಖರೆ.
ಡಾಕ್ಟರು ಈಗ ಕುರ್ಚಿ ತೋರಸತಾರ. ಅಷ್ಟೇ.

ಅಲ್ಲಿ ನೋಡು, ಗುಡ್ಡ, ಮಲಗಿದ ಬುದ್ಧನ ಮೂಗು, ಹೊಟ್ಟಿ.
ಇನ್ನ ಸ್ವಲ್ಪ ಮುಂದ ಹೋದರ ಬರೇ ಕಲ್ಲು.

ಇಳಿ. ಟೈ ಬಿಗಿ ಮಾಡಕೋ, ಬೆವರ ಒರಸಕೋ.
ಹಾಳಿ ಹ್ಯಾಂಗ ಹಿಡೀತಿ, ಒಮ್ಮಿ ತೋರಸು.
ಹಂಗಲ್ಲಲೇ.
ಸರಸು.