ಬಿಸಿನೀರು, ಇಪ್ಪತ್ತು ಪೆಸೊ

ಮಾಲ್ವೀನಿನ ದಂಡೆಗೋಡೆಗೆ ಎದುರಾಗಿ ನನ್ನ ಗೂಡಂಗಡಿ.
ಗೋಡೆಯಾಚೆ ನದಿ. ಇನ್ನೊಂದು ದಡ ಕಾಣದ್ದರಿಂದ
ಮೊಂಟೆವಿಡಿಯೊದ ನಾವು ಅದನ್ನು ಕಡಲೆಂದೇ ಕರೆಯುತ್ತೇವೆ,
ಉಪ್ಪು ಕಮ್ಮಿಯೆಂದು ಯಾರೂ ತಕರಾರು ತೆಗೆದಿಲ್ಲ.
ನಾನು ಮಾರುವುದು ಸಿಗರೇಟು, ಬಿಸ್ಕತ್ತು, ಮತ್ತೆ
ಫ್ಲಾಸ್ಕಿಗೆ ಬಿಸಿನೀರು. ಕುದಿಯಬಾರದು ಅದು,
ಕುದಿಯುವ ಮುನ್ನ ಸಣ್ಣಗೆ ಗುನುಗುತ್ತದಲ್ಲ,
ಆಗಲೇ ಇಳಿಸಬೇಕು.

ಆಗೆಲ್ಲ ಆರು ಜನಕ್ಕೆ ಒಂದು ಫ್ಲಾಸ್ಕು,
ಒಂದು ಸೋರೆಬುರುಡೆ, ಒಂದು ಕೊಳವೆ.
ಮಾತೆ ಎಂಬ ಆ ಕಹಿಸೊಪ್ಪಿನ ಮೊದಲ ಗುಟುಕು
ಬಗ್ಗಿಸಿ ಕೊಡುವವನದೇ. ತೀರಾ ಕಹಿ ಅದು, ಅದಕ್ಕೇ.
ಆಮೇಲೆ ಬಲಕ್ಕೆ, ಬಲಕ್ಕೆ, ಬಾಯಿಂದ ಬಾಯಿಗೆ.
ಎಂಜಲೆಂಬ ಪದ ಅಲ್ಲೆಲ್ಲೋ ಬಾಲ ಮುದುರಿ ಮಲಗಿರುತ್ತಿತ್ತು.
ಯಾರಾದರೂ ಬುರುಡೆ ಹಿಡಿದುಕೊಂಡೇ ಹರಟೆಗಿಳಿದರೆ
ಉಳಿದವರೆಲ್ಲ ಒಟ್ಟಿಗೆ:
‘ಅದು ಮೈಕಲ್ಲ ಮಾರಾಯ, ಹೀರಿ ಕೊಡು!’

ಕಟ್ಟಳೆ ಒಂದೇ.
ಬುರುಡೆ ಸುತ್ತುತ್ತಿರುವಾಗ ಗ್ರಾಸಿಯಾಸ್ ಅನ್ನುವಂತಿಲ್ಲ.
ಉಪಕಾರ ಸ್ಮರಿಸಿದೆಯೋ, ಸಾಕು ಎಂದರ್ಥ,
ಮುಂದಿನ ಸುತ್ತು ನಿನ್ನನ್ನು ದಾಟಿ ಹೋಗುತ್ತದೆ.
ನನ್ನ ಗಂಡ ಎಲ್ಬಿಯೊ, ಮದುವೆಗೆ ಮುಂಚೆ,
ಇದೇ ಗೋಡೆಯ ಮೇಲೆ ನನ್ನ ಪಕ್ಕ ನಾಲ್ಕು ಗಂಟೆ
ಆ ಪದವನ್ನು ಹಲ್ಲಿನ ಹಿಂದೆ ಕಟ್ಟಿಹಾಕಿದ್ದ.
ಮಾರನೆಯ ದಿನ ಹೊಟ್ಟೆ ಕೆಟ್ಟು ಕೆಲಸಕ್ಕೆ ಹೋಗಲಿಲ್ಲ.

ಆ ಸೋಂಕಿನ ವರ್ಷ, ಅವರವರ ಕೊಳವೆ ಅವರವರಿಗೆ ಎಂದರು.
ಸರಿಯೇ. ನಾನೂ ಗಾಜಿಗೆ ಚೀಟಿ ಅಂಟಿಸಿದ್ದೆ.
ಸೋಂಕು ಹೋಯಿತು. ಚೀಟಿ ಬಿಸಿಲಿಗೆ ಬಿಳಿಚಿ ಉದುರಿತು.
ಕೊಳವೆಗಳು ಮಾತ್ರ ಅವರವರ ಚೀಲದಲ್ಲೇ ಉಳಿದವು.

ಈಗ ಆರು ಜನಕ್ಕೆ ಆರು ಫ್ಲಾಸ್ಕು.
ಲೆಕ್ಕದ ಪುಸ್ತಕ ತೆರೆದರೆ ನಾನು ನಗಬೇಕು.
ಒಂಟಿತನ ಒಳ್ಳೆಯ ಗಿರಾಕಿ,
ಚಿಲ್ಲರೆ ಕೂಡ ಸರಿಯಾಗಿ ಎಣಿಸಿ ಕೊಡುತ್ತದೆ.

ಮೊನ್ನೆ ಶನಿವಾರ. ಗೋಡೆಯ ಮೇಲೆ ಅವರೇ,
ಚಿಕ್ಕಂದಿನಿಂದ ನನ್ನ ಬಿಸ್ಕತ್ತು ಕದ್ದು ಬೆಳೆದವರು.
ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಮಾರು ಜಾಗ,
ಅಲ್ಲಿ ಅವರವರ ಫ್ಲಾಸ್ಕು, ಕಾವಲಿಗೆ ನಿಂತಂತೆ.
ಬ್ರೂನೊ ಫೋನಿನಲ್ಲಿ ಏನೋ ನೋಡಿ ನಕ್ಕ.
ಯಾಕೆಂದು ಯಾರೂ ಕೇಳಲಿಲ್ಲ.

ಗಿದಾಯಿ ಎದ್ದು ಬಂದಳು. ಕೊಳವೆ ಮರೆತಿದ್ದಾಳೆ.
‘ನಿಮ್ಮಲ್ಲಿ ಸಿಗುತ್ತಾ?’
ನನ್ನ ತಲೆಯ ಹಿಂದೆ ಮೊಳೆಗೆ ನೇತಾಡುತ್ತಿದ್ದವು, ಹನ್ನೊಂದು.
‘ಇಲ್ಲ, ಮುಗಿದಿದೆ’ ಅಂದೆ.
ಅವಳು ಮೊಳೆಯನ್ನು ನೋಡಿದಳು, ನನ್ನನ್ನು ನೋಡಿದಳು,
ಮುದುಕಿಗೆ ಅರಳುಮರಳು ಅಂದುಕೊಂಡಿರಬೇಕು.

ಹೋಗಿ ಕೂತಳು. ಬುರುಡೆಯಲ್ಲಿ ಸೊಪ್ಪು ಸುಮ್ಮನೆ ನೆನೆದು ಉಬ್ಬಿತು.
ಲೌತಾರೊ ನೋಡಿದ. ಆಚೆ ತಿರುಗಿದ. ಮತ್ತೆ ನೋಡಿದ.
ತನ್ನ ಕೊಳವೆಯ ತುದಿಯನ್ನು ಅಂಗಿಯ ಚುಂಗಿಗೆ ಒರೆಸಿ
ಆ ಒಂದು ಮಾರಿನ ಆಚೆಗೆ ಬುರುಡೆ ಚಾಚಿದ.
ನಾನು ಒಲೆಯ ಮೇಲಿನ ನೀರು ಮರೆತೆ.

‘ಗ್ರಾಸಿಯಾಸ್’ ಅಂದಳು ಹುಡುಗಿ.
ಖುಷಿಗೇ ಅಂದದ್ದು, ಅವಳ ಕೈ ಮುಂದೆ ಬರುತ್ತಲೂ ಇತ್ತು.
ಅವನ ಮನೆಯಲ್ಲಿ ಯಾವ ಅಜ್ಜಿ ಕಟ್ಟಳೆ ಕಲಿಸಿದ್ದಳೋ ಏನೋ,
ಬುರುಡೆ ಹಿಂದಕ್ಕೆ ಹೋಯಿತು.

ಕೂಗಿ ಹೇಳಬೇಕಿತ್ತು ನಾನು.
ಏನಂತ?
ಅಷ್ಟರಲ್ಲಿ ನೀರು ಕುದ್ದು ಮುಚ್ಚಳ ಬಡಿದುಕೊಳ್ಳುತ್ತಿತ್ತು.
ಕುದ್ದ ನೀರು ಮಾತೆಗೆ ಬರುವುದಿಲ್ಲ.
ಚೆಲ್ಲಿ,
ಹೊಸದಾಗಿ ಇಟ್ಟೆ.